ಸೂಜಿಗೆ ಮುಂಚಿನ ಚಿಕಿತ್ಸೆ

ನಮ್ಮಲ್ಲಿ ಬಹುಮಂದಿ ತೋಳನ್ನು ಚಾಚಿ, ಮುಖವನ್ನು ಅತ್ತ ತಿರುಗಿಸಿ, ಐದು ನಿಮಿಷದೊಳಗೆ ಮುಗಿಸಿಕೊಂಡು ಬರುವ ರಕ್ತಪರೀಕ್ಷೆಯು, ಆಟಿಸಂ ಉಳ್ಳ ಮಗುವಿಗೂ ಅದರ ತಂದೆತಾಯಿಗೂ ಎಷ್ಟೋ ದಿನ ಮೊದಲೇ ನಿದ್ದೆಗೆಡಿಸುವ, ಮುಗಿದ ಮೇಲೂ ಬಹುಕಾಲ ಮನಸ್ಸಿನಿಂದ ಅಳಿಯದ ಸಂಕಟವಾಗಿ ಪರಿಣಮಿಸುವುದುಂಟು. ತೂಕ ನೋಡುವುದು, ರಕ್ತದೊತ್ತಡದ ಪಟ್ಟಿಯನ್ನು ಸುತ್ತುವುದು, ಕಿವಿಯೊಳಗೆ ಬೆಳಕು ಹಾಯಿಸುವುದು, ಬಾಯಿ ತೆರೆಯಿಸಿ ಹಲ್ಲು ಪರೀಕ್ಷಿಸುವುದು, ಲಸಿಕೆ ಹಾಕುವುದು, ಇವೆಲ್ಲ ವೈದ್ಯರ ದೃಷ್ಟಿಯಲ್ಲಿ ನಿತ್ಯದ ಸಾಮಾನ್ಯ ಕ್ರಿಯೆಗಳು. ಇವಕ್ಕೆ ಒಗ್ಗದೆ ಚೀರಿ, ಕೈಕಾಲು ಬಡಿದು, ಕೊಠಡಿಯಿಂದ ಓಡಿಹೋಗಲು ಯತ್ನಿಸುವ ಮಗುವನ್ನು ಕಂಡಾಗ, “ತುಂಬಾ ಹಟ, ನಾಲ್ಕು ಜನ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ಸಲೀಸಾಗಿ ಬಾಯಿಗೆ ಬರುತ್ತದೆ. ಆ ಮಾತಿನಲ್ಲಿ ದುರುದ್ದೇಶವಿಲ್ಲ. ಹೊರಗೆ ಸರದಿ ಬೆಳೆಯುತ್ತಿದೆ, ಕೆಲಸ ಮುಗಿಯಬೇಕಾಗಿದೆ. ಆದರೆ ಅದು ರೋಗಿಯ ಸ್ವಭಾವವನ್ನೂ ಅವನ ಸಂಕಟದ ಕಾರಣವನ್ನೂ ಏಕಕಾಲದಲ್ಲಿ ತಪ್ಪಾಗಿ ಗ್ರಹಿಸಿದ ಮಾತು. ಆ ಮಗುವನ್ನು ಸೂಜಿಗೆ ಸಿದ್ಧಗೊಳಿಸುವ ಕಾರ್ಯವು ಚಿಕಿತ್ಸೆಗೆ ಹೊರತಾದ ಉಪಚಾರವೆಂದೂ, ಪುರಸೊತ್ತಿದ್ದವರು ಮಾಡತಕ್ಕ ಸೌಜನ್ಯವೆಂದೂ ತಿಳಿದಿರುವಷ್ಟು ಕಾಲ ಈ ಸಂಕಟ ತಪ್ಪುವಂತಿಲ್ಲ. ಸಿದ್ಧತೆಯೂ ಚಿಕಿತ್ಸೆಯ ಒಂದು ಅಂಗವೆಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 127 ಜನರಿಗೊಬ್ಬರು ಆಟಿಸಂ ಉಳ್ಳವರು. ಅವರಲ್ಲಿ ಅಪಸ್ಮಾರ, ನಿದ್ರಾಹೀನತೆ, ಜೀರ್ಣಾಂಗಗಳ ತೊಂದರೆ, ಇವು ಇತರರಿಗಿಂತ ಹೆಚ್ಚಾಗಿ ಕಾಣಿಸುತ್ತವೆ. ಅಪಸ್ಮಾರವಿದೆಯೆಂಬ ಸಂಶಯ ಬಂದರೆ ತಲೆಗೆ ಅಂಟು ಹಚ್ಚಿ ಹತ್ತಾರು ತಂತಿಗಳನ್ನು ಜೋಡಿಸುವ ಇ.ಇ.ಜಿ. ಪರೀಕ್ಷೆಯಾಗಬೇಕು, ಅದಕ್ಕೆ ಕೊಡುವ ವ್ಯಾಲ್‌ಪ್ರೊಯೇಟಿನಂತಹ ಔಷಧಗಳಿಗಾಗಿ ಯಕೃತ್ತಿನ ಸ್ಥಿತಿಯನ್ನು ರಕ್ತದ ಮೂಲಕ ನೋಡುತ್ತಿರಬೇಕು. ಆಟಿಸಂ ಉಳ್ಳ ಮಕ್ಕಳ ತೀವ್ರ ಉದ್ವೇಗಕ್ಕೆ ಬಳಸಲು 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ರಿಸ್ಪೆರಿಡೋನ್ ಎಂಬ ಔಷಧವು ತೂಕವನ್ನು ಹೆಚ್ಚಿಸಬಲ್ಲದಾದುದರಿಂದ, ಸಕ್ಕರೆಯ ಮತ್ತು ಕೊಬ್ಬಿನ ಅಂಶಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. ಹೀಗೆ ಸೂಜಿಯನ್ನು ತಾಳಲಾರದ ಮಕ್ಕಳೇ ಸೂಜಿಯ ಬಳಿಗೆ ಹೆಚ್ಚು ಸಲ ಹೋಗಬೇಕಾಗಿ ಬರುತ್ತದೆ.

ಅವರು ಯಾತಕ್ಕೆ ತಾಳಲಾರರು ಎಂಬುದನ್ನು ಅರಿಯಬೇಕಾದರೆ ಆಸ್ಪತ್ರೆಯನ್ನು ಅವರ ಇಂದ್ರಿಯಗಳ ಮೂಲಕ ನೋಡಬೇಕು. 1943ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧವೇ ಆಟಿಸಂ ಎಂಬ ಸ್ಥಿತಿಯ ಆಧುನಿಕ ಅಧ್ಯಯನಕ್ಕೆ ಬುನಾದಿ. ಸದ್ದು ಮಾಡುವ ಯಂತ್ರಗಳನ್ನು ಕಂಡು ಆ ಮಕ್ಕಳಿಗೆ ಆಗುತ್ತಿದ್ದ ಭೀತಿಯನ್ನೂ, ದಿನಚರಿಯೂ ವಸ್ತುಗಳ ಸ್ಥಾನವೂ ಬದಲಾಗದೆ ಇದ್ದ ಹಾಗೆಯೇ ಇರಬೇಕೆಂಬ ಅವರ ತೀವ್ರವಾದ ಆಕಾಂಕ್ಷೆಯನ್ನೂ ಅವರು ಅಲ್ಲಿ ಗುರುತಿಸಿದ್ದರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿದಾನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇಂದ್ರಿಯಗಳ ಅತಿಸಂವೇದನೆ ಮತ್ತು ಅಲ್ಪಸಂವೇದನೆಗಳು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿದವು.

ಈ ದೃಷ್ಟಿಯಿಂದ ನಮ್ಮ ಯಾವುದಾದರೂ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದ ಒಂದು ಬೆಳಗನ್ನು ಕಲ್ಪಿಸಿಕೊಳ್ಳಬಹುದು. ತಲೆಯ ಮೇಲೆ ಮಿಣುಕುತ್ತಾ ಗುಂಯ್‌ಗುಡುವ ಟ್ಯೂಬ್‌ಲೈಟು, ಈಗ ತಾನೆ ಒರೆಸಿದ ನೆಲದ ಫಿನೈಲ್ ವಾಸನೆ, ಟೋಕನ್ ಸಂಖ್ಯೆಯನ್ನು ಕೂಗುವ ಧ್ವನಿವರ್ಧಕ, ಒಳಗಿನಿಂದ ಕೇಳಿಬರುವ ಇನ್ನೊಂದು ಮಗುವಿನ ಅಳು, ಮೈಗೆ ಮೈ ತಾಗುವ ಬೆಂಚಿನ ಒತ್ತಡ, ಯಾವಾಗ ಮುಗಿಯುವುದೆಂದು ಯಾರೂ ಹೇಳದ ಕಾಯುವಿಕೆ. ಇವುಗಳಲ್ಲಿ ಒಂದೊಂದನ್ನೂ ನಮ್ಮ ಮನಸ್ಸು ಬದಿಗೆ ಸರಿಸಬಲ್ಲದು. ಆಟಿಸಂ ಉಳ್ಳ ಅನೇಕರಿಗೆ ಅವೆಲ್ಲವೂ ಒಂದೇ ಪ್ರಮಾಣದ ತೀಕ್ಷ್ಣತೆಯಿಂದ ಒಟ್ಟಿಗೇ ನುಗ್ಗಿಬರುತ್ತವೆ. ತಾವೂ ಆಟಿಸಂ ಉಳ್ಳವರಾದ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು, ಬಾಲ್ಯದಲ್ಲಿ ಇತರರ ಅಪ್ಪುಗೆಯನ್ನು ಸಹಿಸಲಾರದೆ ಇದ್ದುದನ್ನೂ, ಮೈಗೆ ಸಮನಾದ ದೃಢವಾದ ಒತ್ತಡ ಸಿಕ್ಕಾಗ ಮನಸ್ಸು ಶಾಂತವಾಗುತ್ತಿದ್ದುದನ್ನೂ, ಅದಕ್ಕಾಗಿ ಯೌವನದಲ್ಲಿ ತಾವೇ ಒಂದು ಯಂತ್ರವನ್ನು ನಿರ್ಮಿಸಿಕೊಂಡುದನ್ನೂ ವಿವರವಾಗಿ ಬರೆದಿದ್ದಾರೆ. ಸಮಾಧಾನಪಡಿಸಲೆಂದು ಕೆನ್ನೆಯನ್ನು ಮೆಲ್ಲನೆ ಸವರುವ ಕೈಯೇ ಒಂದು ಮಗುವಿಗೆ ಅಸಹ್ಯವಾದ ಕಿರುಕುಳವಾಗಬಹುದು. ಹೀಗೆ ಸೂಜಿ ಚರ್ಮವನ್ನು ಮುಟ್ಟುವ ವೇಳೆಗೆ ಸಹನಶಕ್ತಿಯ ಬಹುಪಾಲು ಅದಾಗಲೇ ವ್ಯಯವಾಗಿರುತ್ತದೆ.

ಇಂತಹ ಮಕ್ಕಳಿಗೆ ನೋವೇ ತಿಳಿಯುವುದಿಲ್ಲವೆಂಬ ನಂಬಿಕೆಯೊಂದು ಹಿಂದಿನಿಂದಲೂ ಪ್ರಚಲಿತವಾಗಿದೆ. ಬಿದ್ದು ಮಂಡಿ ತರಚಿಕೊಂಡರೂ ಅಳದೆ ಹೋಗುವ ಮಗುವನ್ನು ಕಂಡವರಿಗೆ ಆ ಭಾವನೆ ಬರುವುದು ಸಹಜ. ಆದರೆ ಕ್ಯಾನರರ ಪ್ರಬಂಧದಲ್ಲಿಯೇ ಇದಕ್ಕೆ ಉತ್ತರದ ಸುಳಿವಿದೆ: ಪಿನ್ನಿನಿಂದ ಚುಚ್ಚಿದಾಗ ಒಬ್ಬ ಬಾಲಕನು ಆ ಪಿನ್ನನ್ನು ಅಂಜುತ್ತಾ ನೋಡಿ ಮತ್ತೆ ಚುಚ್ಚದಂತೆ ಹಿಂಜರಿದನೆಂದೂ, ಅದನ್ನು ಹಿಡಿದಿದ್ದ ಮನುಷ್ಯನಿಗೂ ಆ ನೋವಿಗೂ ಸಂಬಂಧವಿದೆಯೆಂಬಂತೆ ಅವನು ವರ್ತಿಸಲಿಲ್ಲವೆಂದೂ ಅವರು ಬರೆದಿದ್ದಾರೆ. ನೋವು ಅವನಿಗೆ ಇತ್ತು. ಅದನ್ನು ಇನ್ನೊಬ್ಬರ ಮುಖ ನೋಡಿ ನಿವೇದಿಸುವ ರೂಢಿ ಇರಲಿಲ್ಲ. 2004ರಲ್ಲಿ ಕೆನಡಾದ ಸಂಶೋಧಕರು ರಕ್ತ ತೆಗೆಯುವ ಸಮಯದಲ್ಲಿ ಆಟಿಸಂ ಉಳ್ಳ ಮಕ್ಕಳ ಮುಖಚರ್ಯೆಯನ್ನು ಚಿತ್ರೀಕರಿಸಿ ಸೂಕ್ಷ್ಮವಾಗಿ ಪರಿಶೀಲಿಸಿದಾಗ, ಸೂಜಿ ಒಳಹೊಕ್ಕ ಕ್ಷಣದಲ್ಲಿ ನೋವಿನ ಚಿಹ್ನೆಗಳು ಅವರ ಮುಖದಲ್ಲಿ ಸ್ಪಷ್ಟವಾಗಿ ಕಂಡುಬಂದುದಲ್ಲದೆ, ತಮ್ಮ ಮಗುವಿಗೆ ನೋವು ಕಡಿಮೆಯೆಂದು ತಂದೆತಾಯಿಗಳು ತಿಳಿದಿದ್ದುದಕ್ಕೂ ಮುಖ ತೋರಿದುದಕ್ಕೂ ಹೊಂದಾಣಿಕೆ ಇಲ್ಲವೆಂಬುದು ವ್ಯಕ್ತವಾಯಿತು. ಅಳದ ಮಗುವಿಗೆ ನೋವು ನಿವಾರಕ ಬೇಡವೆಂದು ತೀರ್ಮಾನಿಸುವುದು ಆದಕಾರಣ ನ್ಯಾಯವಲ್ಲ.

ಇನ್ನು ಬಲವಂತದ ವಿಷಯ. ನಾಲ್ವರು ಹಿಡಿದು ಮಂಚಕ್ಕೆ ಒತ್ತಿ ತೆಗೆದ ರಕ್ತದಿಂದ ಅಂದಿನ ವರದಿಯೇನೋ ಸಿಕ್ಕೀತು. ಆದರೆ ಆ ಮಗುವಿನ ಸ್ಮೃತಿಯಲ್ಲಿ ಬಿಳಿಯ ಕೋಟು, ಸ್ಪಿರಿಟ್ಟಿನ ವಾಸನೆ, ಆ ರಸ್ತೆಯ ತಿರುವು, ಅಂದು ತೊಟ್ಟಿದ್ದ ಅಂಗಿ, ಎಲ್ಲವೂ ಆ ಭೀತಿಯೊಡನೆ ಹೆಣೆದುಕೊಳ್ಳುತ್ತವೆ. ವಿವರಗಳನ್ನು ಅಚ್ಚಳಿಯದಂತೆ ನೆನಪಿಡುವ ಶಕ್ತಿ ಈ ಮಕ್ಕಳಲ್ಲಿ ಅನೇಕರಿಗೆ ಸಹಜವಾದುದು. ಅದೇ ಶಕ್ತಿ ಇಲ್ಲಿ ಅವರಿಗೆ ಶತ್ರುವಾಗುತ್ತದೆ. ಮುಂದಿನ ಸಲ ಮಗು ಆಸ್ಪತ್ರೆಯ ಗೇಟಿನಲ್ಲಿಯೇ ನಿಂತುಬಿಡುತ್ತದೆ. ಅದರ ಮುಂದಿನ ಸಲ ಮನೆಯ ಹೊಸ್ತಿಲನ್ನೇ ದಾಟುವುದಿಲ್ಲ. ಹೀಗೆ ಉಳಿಸಿದೆವೆಂದುಕೊಂಡ ಹತ್ತು ನಿಮಿಷಗಳಿಗೆ ವರ್ಷಗಳ ಬೆಲೆ ತೆರಬೇಕಾಗುತ್ತದೆ.

ಹಾಗಾದರೆ ಸಿದ್ಧತೆ ಎಂದರೇನು? ಮೊದಲನೆಯದು ಮುನ್ನರಿವು. ಏನು, ಎಲ್ಲಿ, ಯಾರಿಂದ, ಎಷ್ಟು ಹೊತ್ತು, ಕಡೆಗೆ ಏನು, ಈ ಐದು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಅರ್ಧ ಭಯ ಇಳಿಯುತ್ತದೆ. ಮಾತಿಗಿಂತ ಚಿತ್ರ ಇವರಲ್ಲಿ ಅನೇಕರಿಗೆ ಸುಲಭವಾಗಿ ತಿಳಿಯುವುದರಿಂದ, ಆಸ್ಪತ್ರೆಯ ಬಾಗಿಲು, ಕಾಯುವ ಬೆಂಚು, ರಕ್ತ ತೆಗೆಯುವ ಕುರ್ಚಿ, ಸಿಸ್ಟರ್ ಅವರ ಮುಖ, ಮನೆಗೆ ಮರಳುವ ಆಟೋ, ಇವುಗಳ ಭಾವಚಿತ್ರಗಳನ್ನು ಕ್ರಮವಾಗಿ ಅಂಟಿಸಿದ ಒಂದು ಪುಟ್ಟ ಪುಸ್ತಕವನ್ನು ಮನೆಯಲ್ಲಿ ದಿನವೂ ತಿರುವಿಹಾಕಬಹುದು. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1990ರ ದಶಕದ ಆದಿಯಲ್ಲಿ ರೂಪಿಸಿದ ‘ಸಾಮಾಜಿಕ ಕಥೆ’ಗಳ ಕ್ರಮವೂ ಇದನ್ನೇ ಹೋಲುತ್ತದೆ. ಅಂತಹ ಕಥೆಯನ್ನು ತಾಯಿಯೊಬ್ಬಳು ಮನೆಮಾತಿನಲ್ಲಿಯೇ ಬರೆಯಬಹುದು: “ನಾನು ಅಮ್ಮನ ಜೊತೆ ಆಸ್ಪತ್ರೆಗೆ ಹೋಗ್ತೀನಿ. ಅಲ್ಲಿ ಸ್ವಲ್ಪ ಹೊತ್ತು ಕಾಯ್ಬೇಕು. ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಕಟ್ತಾರೆ. ಅದು ಬಿಗಿಯಾಗಿರುತ್ತೆ. ಸೂಜಿ ಚುಚ್ಚಿದಾಗ ನೋವಾಗುತ್ತೆ. ನಾನು ಇಪ್ಪತ್ತು ಎಣಿಸ್ತೀನಿ. ಆಮೇಲೆ ಪಟ್ಟಿ ಬಿಚ್ತಾರೆ. ನಾವು ಮನೆಗೆ ಬರ್ತೀವಿ.” ಇದರಲ್ಲಿ ಬೆದರಿಕೆಯೂ ಇಲ್ಲ, ಸುಳ್ಳೂ ಇಲ್ಲ, ಆಗುವುದೆಲ್ಲ ಆಗುವ ಕ್ರಮದಲ್ಲಿಯೇ ಇದೆ.

ಎರಡನೆಯದು ಅಭ್ಯಾಸ. ಭಯವನ್ನು ಹುಟ್ಟಿಸುವ ವಸ್ತುವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಮನಸ್ಸು ಶಾಂತವಾಗಿರುವಾಗಲೇ ಮೆಟ್ಟಿಲು ಮೆಟ್ಟಿಲಾಗಿ ಪರಿಚಯಿಸುವ ವಿಧಾನವನ್ನು ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು 1958ರ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಅದು ಮನೆಯಲ್ಲಿ ಹೀಗೆ ನಡೆಯಬಲ್ಲದು. ಮೊದಲ ಕೆಲವು ದಿನ, ಮಗು ಕುರ್ಚಿಯಲ್ಲಿ ಕುಳಿತು ಅಂಗೈ ಮೇಲಾಗುವಂತೆ ತೋಳನ್ನು ದಿಂಬಿನ ಮೇಲೆ ಇಡುವುದಷ್ಟೇ ಪಾಠ; ಇಟ್ಟೊಡನೆ ಅದಕ್ಕೆ ಪ್ರಿಯವಾದ ರೈಲಿನ ವಿಡಿಯೋ. ಅದು ರೂಢಿಯಾದ ಮೇಲೆ ಮೊಣಕೈಯ ಮೇಲ್ಭಾಗಕ್ಕೆ ರಬ್ಬರ್ ಪಟ್ಟಿ, ಮೊದಲು ಸಡಿಲವಾಗಿ, ಅನಂತರ ತುಸು ಬಿಗಿಯಾಗಿ, ಐದು ಎಣಿಸುವವರೆಗೆ ಮಾತ್ರ. ಆಮೇಲೆ ತಣ್ಣೀರಿನಲ್ಲಿ ಅದ್ದಿದ ಹತ್ತಿ. ಅದಾದ ಮೇಲೆ ಸ್ಪಿರಿಟ್ ಹತ್ತಿ, ಏಕೆಂದರೆ ಎಷ್ಟೋ ಮಕ್ಕಳಿಗೆ ಸೂಜಿಗಿಂತ ಆ ತಂಪೂ ಆ ವಾಸನೆಯೂ ಹೆಚ್ಚು ದುಸ್ಸಹ. ಬಳಿಕ ಮುಚ್ಚಳ ಹಾಕಿದ ಪೆನ್ನಿನ ತುದಿಯನ್ನು ಒತ್ತಿ, ಇಪ್ಪತ್ತು ಎಣಿಸುವವರೆಗೆ ಅಲುಗದಿರುವ ಅಭ್ಯಾಸ. ಕೊನೆಗೆ ಪ್ಲಾಸ್ಟರ್ ಅಂಟಿಸುವುದು ಮತ್ತು ಕೀಳುವುದು. ಮಗು “ಸಾಕು” ಎಂದೊಡನೆ, ಮಾತಿಲ್ಲದ ಮಗುವಾದರೆ ಒಪ್ಪಿಕೊಂಡ ಒಂದು ಸನ್ನೆಯನ್ನು ಮಾಡಿದೊಡನೆ, ನಿಲ್ಲಿಸತಕ್ಕದ್ದು. ನಿಲ್ಲಿಸಲು ಹೇಳಿದರೆ ನಿಲ್ಲಿಸುತ್ತಾರೆಂಬ ವಿಶ್ವಾಸ ಹುಟ್ಟಿದ ಮಗುವೇ ಮುಂದಿನ ಮೆಟ್ಟಿಲನ್ನು ಏರಲು ಧೈರ್ಯಮಾಡುವುದು. ಇದಕ್ಕೆ ಹಣ ಬೇಡ. ವಾರಗಳ ತಾಳ್ಮೆ ಬೇಕು. ಉಳುಮೆಯನ್ನು ಬೇಸಾಯದ ಲೆಕ್ಕದಿಂದ ಹೊರಗಿಡುವ ರೈತನಿಲ್ಲ. ಈ ವಾರಗಳನ್ನು ಚಿಕಿತ್ಸೆಯ ಲೆಕ್ಕದಿಂದ ಹೊರಗಿಡುವುದೂ ತಕ್ಕುದಲ್ಲ.

ಮೂರನೆಯದು ಆ ದಿನದ ನಡವಳಿಕೆ. ದಿನದ ಮೊದಲ ಸರದಿಯನ್ನು ಇವರಿಗೆ ಕೊಟ್ಟರೆ ಗದ್ದಲವೂ ಕಾಯುವಿಕೆಯೂ ತಪ್ಪುತ್ತವೆ. ಅದು ಸಾಧ್ಯವಾಗದಿದ್ದರೆ, ಕುಟುಂಬವು ಹೊರಗೆ ಮರದ ನೆರಳಿನಲ್ಲಿಯೋ ವಾಹನದಲ್ಲಿಯೋ ಇದ್ದು, ಸರದಿ ಬಂದಾಗ ಫೋನಿನ ಕರೆಯ ಮೇಲೆ ನೇರವಾಗಿ ಒಳಬರುವ ಏರ್ಪಾಡು ಮಾಡಬಹುದು. ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆತ ಮುಲಾಮನ್ನು ವೈದ್ಯರ ಸಲಹೆಯಂತೆ ಸುಮಾರು ಒಂದು ಗಂಟೆ ಮೊದಲೇ ಹಚ್ಚಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಅಂಟಿಸಿದರೆ ಚುಚ್ಚುವ ನೋವು ಬಹಳ ಕಡಿಮೆಯಾಗುತ್ತದೆ. ಕೊಠಡಿಯಲ್ಲಿ ಅನಗತ್ಯವಾದವರು ಇರಬಾರದು. ಮಾತನಾಡುವುದು ಒಂದೇ ಧ್ವನಿಯಾಗಿರಬೇಕು. ಮಂಚದ ಮೇಲೆ ಅಂಗಾತ ಮಲಗಿಸಿ ಒತ್ತುವುದಕ್ಕೆ ಬದಲಾಗಿ, ಚಿಕ್ಕ ಮಗುವನ್ನು ತಾಯಿ ಅಥವಾ ತಂದೆ ತೊಡೆಯ ಮೇಲೆ ಕೂರಿಸಿಕೊಂಡು ಎದೆಗೆ ದೃಢವಾಗಿ ಅಪ್ಪಿಕೊಂಡಿರಬೇಕು. ಇಂತಹ ಮಗುವಿನ ರಕ್ತವನ್ನು ತೆಗೆಯಲು ಅಂದು ಕೆಲಸದ ಮೇಲಿರುವವರಲ್ಲಿ ಹೆಚ್ಚು ಅನುಭವವುಳ್ಳವರೇ ಬರಬೇಕು. ಎರಡು ಸಲ ನಾಳ ಸಿಕ್ಕದೆ ಹೋದರೆ, ತುರ್ತಿಲ್ಲದಿದ್ದಲ್ಲಿ, ಅಂದಿಗೆ ನಿಲ್ಲಿಸುವುದು ಲೇಸು. ಬೇರೆ ಬೇರೆ ವೈದ್ಯರು ಹೇಳಿರುವ ಪರೀಕ್ಷೆಗಳನ್ನೆಲ್ಲ ಕೂಡಿಸಿ ಒಂದೇ ಸಲಕ್ಕೆ ಮುಗಿಸುವುದು ಸಾಧ್ಯವೇ ಎಂದು ಕೇಳುವುದೂ ಮನೆಯವರ ಹಕ್ಕು.

ಮಾತಿನಲ್ಲಿ ಸತ್ಯವಿರಬೇಕಾದ ಅಗತ್ಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. “ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ” ಎಂಬುದು ನಮ್ಮ ಲ್ಯಾಬುಗಳಲ್ಲಿ ಪ್ರೀತಿಯಿಂದಲೇ ಹೇಳುವ ಮಾತು. ಮಾತನ್ನು ಅದರ ವಾಚ್ಯಾರ್ಥದಲ್ಲಿಯೇ ಗ್ರಹಿಸುವ ಮಗುವಿಗೆ ಅದರಿಂದ ಇರುವೆಯ ಹೆದರಿಕೆಯೊಂದು ಹೊಸದಾಗಿ ಸೇರಿಕೊಳ್ಳಬಹುದು. ಏನೂ ಆಗುವುದಿಲ್ಲವೆಂದವರು ಚುಚ್ಚಿದ ಮೇಲೆ ಅವರ ಇನ್ನಾವ ಮಾತನ್ನೂ ಅದು ನಂಬದೆ ಹೋಗಬಹುದು. “ಈಗ ಪಟ್ಟಿ ಕಟ್ತೀನಿ, ಬಿಗಿ ಆಗುತ್ತೆ. ಈಗ ಹತ್ತಿ, ತಣ್ಣಗಿರುತ್ತೆ. ಈಗ ಸೂಜಿ, ನೋವಾಗುತ್ತೆ, ಇಪ್ಪತ್ತು ಎಣಿಸೋಣ, ಇಪ್ಪತ್ತಕ್ಕೆ ತೆಗೀತೀನಿ” ಎಂದು ಹೇಳಿ, ಹೇಳಿದಂತೆ ಇಪ್ಪತ್ತಕ್ಕೆ ತೆಗೆದ ಸಿಸ್ಟರ್, ಮುಂದಿನ ಎಷ್ಟೋ ಭೇಟಿಗಳ ವಿಶ್ವಾಸವನ್ನು ಆ ಒಂದು ಎಣಿಕೆಯಲ್ಲಿ ಗಳಿಸಿಕೊಳ್ಳುತ್ತಾಳೆ.

ಇವು ಸದ್ಭಾವನೆಯ ಊಹೆಗಳಲ್ಲ, ಪರೀಕ್ಷೆಗೆ ಒಳಗಾದ ವಿಚಾರಗಳೆಂಬುದಕ್ಕೆ ದಂತವೈದ್ಯದಲ್ಲಿ ಒಳ್ಳೆಯ ನಿದರ್ಶನಗಳಿವೆ. ಬಾಯಿ ದೇಹದ ಅತ್ಯಂತ ಸೂಕ್ಷ್ಮವಾದ ಅಂಗಗಳಲ್ಲೊಂದು. ಕಣ್ಣಿಗೆ ಹೊಡೆಯುವ ದೀಪ, ಕೊರೆಯುವ ಯಂತ್ರದ ಸದ್ದು, ರಬ್ಬರ್ ಕೈಗವಸಿನ ರುಚಿ, ಎಲ್ಲವೂ ಅಲ್ಲಿ ಒಮ್ಮೆಗೇ ಎರಗುತ್ತವೆ. ಸ್ವೀಡನ್ನಿನ ಇಬ್ಬರು ಸಂಶೋಧಕರು, ಆಟಿಸಂ ಉಳ್ಳ ಪುಟ್ಟ ಮಕ್ಕಳಿಗೆ ದಂತಪರೀಕ್ಷೆಯ ಹಂತಗಳನ್ನು ಬಣ್ಣದ ಭಾವಚಿತ್ರಗಳ ಪುಸ್ತಕದ ಮೂಲಕ ಮನೆಯಲ್ಲಿ ಪರಿಚಯಿಸಿದಾಗ, ಒಂದೂವರೆ ವರ್ಷದ ಅನಂತರ ಆ ಮಕ್ಕಳು ಇತರರಿಗಿಂತ ಹೆಚ್ಚಾಗಿ ಸಹಕರಿಸಿದರೆಂದು 1999ರಲ್ಲಿ ಪ್ರಕಟಿಸಿದರು. ಲಾಸ್ ಏಂಜಲೀಸಿನಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳನ್ನು ಕುರಿತು ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕೊಠಡಿಯ ದೀಪಗಳನ್ನು ಮಂದಗೊಳಿಸಿ, ಛಾವಣಿಯ ಮೇಲೆ ನಿಧಾನವಾಗಿ ಚಲಿಸುವ ಚಿತ್ರಗಳನ್ನು ಮೂಡಿಸಿ, ಶಾಂತವಾದ ಸಂಗೀತ ನುಡಿಸಿ, ಕುರ್ಚಿಗೆ ಸೇರಿದ ಹೊದಿಕೆಯಿಂದ ಮೈಗೆ ಸಮನಾದ ಒತ್ತಡ ಕೊಟ್ಟು ಹಲ್ಲು ಶುಚಿಮಾಡಿದಾಗ, ಚರ್ಮದ ವಿದ್ಯುತ್‌ವಾಹಕತೆಯಿಂದ ಅಳೆದ ದೈಹಿಕ ಉದ್ವೇಗವೂ, ಕಣ್ಣಿಗೆ ಕಾಣುವ ಸಂಕಟವೂ ಸಾಮಾನ್ಯ ಕೊಠಡಿಯಲ್ಲಿದ್ದುದಕ್ಕಿಂತ ಕಡಿಮೆಯಾದುದು ಸಿದ್ಧಪಟ್ಟಿತು. ಅವೇ ಮಕ್ಕಳು, ಅದೇ ಕೆಲಸ. ಬದಲಾದುದು ಕೊಠಡಿ ಮಾತ್ರ. ಸಂಕಟಕ್ಕೆ ಮಗುವಿನ ಸ್ವಭಾವವೊಂದೇ ಕಾರಣವೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆಟಿಸಂ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂಬಂತೆ ನಾವು ಮಾತನಾಡುವುದುಂಟು. ಆ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ, ಅವರಿಗೂ ಮಧುಮೇಹ, ಹಲ್ಲುನೋವು, ಹೃದ್ರೋಗಗಳು ಬರುತ್ತವೆ. ಮಾತಿನಲ್ಲಿ ನೋವನ್ನು ಹೇಳಲಾರದ ಯುವಕನು ತಲೆಯನ್ನು ಗೋಡೆಗೆ ಬಡಿದುಕೊಂಡರೆ, ಅದು ಆಟಿಸಂನ ಲಕ್ಷಣವೆಂದು ಬಗೆದು ಕಿವಿಯ ಸೋಂಕನ್ನೋ ಹಲ್ಲಿನ ಕೀವನ್ನೋ ನೋಡದೆ ಬಿಡುವ ಅಪಾಯ ಎಲ್ಲೆಡೆಯೂ ಇದೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಬ್ರಿಸ್ಟಲ್ ನಗರದ ಆಸ್ಪತ್ರೆಯೊಂದರಲ್ಲಿ, ಆಟಿಸಂ ಉಳ್ಳ ಆಲಿವರ್ ಮೆಕ್‌ಗೋವನ್ ಎಂಬ ಹದಿನೆಂಟು ವರ್ಷದ ತರುಣನು, ತಾನೂ ತನ್ನ ತಂದೆತಾಯಿಗಳೂ ಬೇಡವೆಂದಿದ್ದ ಮನೋರೋಗದ ಔಷಧವೊಂದನ್ನು ಕೊಟ್ಟ ತರುವಾಯ ತೀರಿಕೊಂಡನು. ಅವನ ತಂದೆತಾಯಿಗಳ ಅವಿರತವಾದ ಪ್ರಯತ್ನದ ಫಲವಾಗಿ, ಆರೋಗ್ಯಸೇವೆಯ ಸಿಬ್ಬಂದಿಗೆ ಆಟಿಸಂ ಕುರಿತ ತರಬೇತಿ ಅಗತ್ಯವೆಂದು ಆ ದೇಶದ 2022ರ ಕಾನೂನು ವಿಧಿಸಿತು. ರೋಗಿ ಹೇಗೆ ಮಾತನಾಡುತ್ತಾನೆ, ನೋವನ್ನು ಹೇಗೆ ತೋರಿಸುತ್ತಾನೆ, ಯಾವುದರಿಂದ ಉದ್ವಿಗ್ನನಾಗುತ್ತಾನೆ, ಯಾವುದರಿಂದ ಶಾಂತನಾಗುತ್ತಾನೆ ಎಂಬುದನ್ನು ಬರೆದ ಒಂದೆರಡು ಪುಟಗಳ ಪತ್ರವನ್ನು ವೈದ್ಯರ ಕೈಗೆ ಕೊಡುವ ಪದ್ಧತಿಯೂ ಅಲ್ಲಿ ಬಳಕೆಯಲ್ಲಿದೆ. ಅಂತಹ ಪತ್ರವನ್ನು ನಮ್ಮ ಮನೆಗಳಲ್ಲಿಯೂ ಕನ್ನಡದಲ್ಲಿ ಬರೆದು, ಹಳೆಯ ವರದಿಗಳ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಡಬಹುದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲ. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಸೇರದಿದ್ದ ಆಟಿಸಂ, 2016ರ ಅಧಿನಿಯಮದ ಇಪ್ಪತ್ತೊಂದು ವೈಕಲ್ಯಗಳಲ್ಲಿ ಒಂದಾಗಿ ಸೇರಿತು. ಆ ಅಧಿನಿಯಮದ 25ನೆಯ ಪ್ರಕರಣವು ಸರಕಾರಿ ಹಾಗೂ ಖಾಸಗಿ ಆಸ್ಪತ್ರೆಗಳಲ್ಲಿ ಅಡೆತಡೆಯಿಲ್ಲದ ಪ್ರವೇಶವನ್ನೂ, ಪರೀಕ್ಷೆ ಚಿಕಿತ್ಸೆಗಳಲ್ಲಿ ಆದ್ಯತೆಯನ್ನೂ ಹೇಳುತ್ತದೆ. ಅಡೆತಡೆಯೆಂದರೆ ಗಾಲಿಕುರ್ಚಿಗೆ ಎದುರಾಗುವ ಮೆಟ್ಟಿಲು ಮಾತ್ರವಲ್ಲ. ಆಟಿಸಂ ಉಳ್ಳವರಿಗೆ ಗದ್ದಲವೂ, ಪ್ರಖರವಾದ ಬೆಳಕೂ, ಕೊನೆ ಕಾಣದ ಸರದಿಯೂ ಅಡೆತಡೆಗಳೇ. ರಾಯಚೂರಿನಿಂದಲೋ ಬೀದರಿನಿಂದಲೋ ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬರುವ ಕುಟುಂಬಗಳಿಗೆ ಈ ಆದ್ಯತೆಯ ಬೆಲೆ ತಿಳಿದಿದೆ. ಆದರೆ ನೆಗಡಿಗೂ ಲಸಿಕೆಗೂ ಹಲ್ಲುನೋವಿಗೂ ಅವರು ಹೋಗುವುದು ತಾಲ್ಲೂಕಿನ ಆಸ್ಪತ್ರೆಗೆ, ಬೀದಿಯ ಕೊನೆಯ ಲ್ಯಾಬಿಗೆ. ಅಲ್ಲಿ ಬೇಕಾಗಿರುವುದು ದುಬಾರಿಯಾದ ಯಂತ್ರವಲ್ಲ: ಸರದಿಯಿಲ್ಲದ ಬೆಳಗಿನ ಅರ್ಧ ಗಂಟೆ, ಒಂದು ದೀಪವನ್ನು ಆರಿಸಬಹುದಾದ ಕೊಠಡಿ, ಗೋಡೆಯ ಮೇಲೆ ಹಂತಗಳ ಚಿತ್ರಪಟ, ನೋವು ನಿವಾರಕ ಮುಲಾಮು, ಮತ್ತು “ಇವನಿಗೆ ಯಾವುದು ಹಿಡಿಸುವುದಿಲ್ಲ?” ಎಂದು ತಾಯಿಯನ್ನು ಮೊದಲೇ ಕೇಳುವ ಒಂದು ಪ್ರಶ್ನೆ. ಚಿತ್ರ, ಸತ್ಯವಾದ ಮಾತು, ಕಡಿಮೆ ಗದ್ದಲ, ಇವುಗಳಿಂದ ಆಟಿಸಂ ಇಲ್ಲದ ಮಕ್ಕಳಿಗೂ, ಸೂಜಿಗೆ ಹೆದರುವ ಹಿರಿಯರಿಗೂ ಹಿತವೇ ಆಗುತ್ತದೆ.

ಎಲ್ಲ ಸಂದರ್ಭಗಳಲ್ಲಿಯೂ ಇಷ್ಟು ಸಾವಕಾಶ ದೊರೆಯುವುದಿಲ್ಲವೆಂಬುದು ನಿಜ. ಅಪಸ್ಮಾರ ನಿಲ್ಲದೆ ಬರುತ್ತಿರುವಾಗ, ತಲೆಗೆ ಪೆಟ್ಟು ಬಿದ್ದಾಗ, ಚಿತ್ರಪುಸ್ತಕ ತಿರುವಲು ಕಾಲವಿಲ್ಲ. ಆಗ ಹಿಡಿಯಬೇಕಾದೀತು, ಮಂಪರಿನ ಔಷಧವನ್ನೋ ಅರಿವಳಿಕೆಯನ್ನೋ ಕೊಡಬೇಕಾದೀತು. ಕೆಲವರಿಗೆ ಎಷ್ಟೇ ಅಭ್ಯಾಸ ಮಾಡಿಸಿದರೂ ಹಲ್ಲಿನ ಚಿಕಿತ್ಸೆ ಅರಿವಳಿಕೆಯಿಲ್ಲದೆ ಆಗದಿರಬಹುದು. ಅದರಲ್ಲಿ ಯಾರ ಸೋಲೂ ಇಲ್ಲ. ಆದರೆ ತುರ್ತಿನ ಸಂದರ್ಭಕ್ಕೆ ಸಲ್ಲುವ ನಿಯಮವನ್ನು ನಿತ್ಯದ ಕೆಲಸಕ್ಕೆ ಅನ್ವಯಿಸುವುದು ನ್ಯಾಯವಲ್ಲ. ತುರ್ತಿಲ್ಲದ ದಿನಗಳಲ್ಲಿ ಗಳಿಸಿಟ್ಟ ವಿಶ್ವಾಸವೇ ತುರ್ತಿನ ದಿನ ಒದಗಿಬರುವುದು.

ಮೂರು ವರ್ಷದ ಮಗು ತನ್ನ ಮೊದಲ ರಕ್ತಪರೀಕ್ಷೆಯಲ್ಲಿ ಆಸ್ಪತ್ರೆಯೆಂದರೆ ಏನೆಂಬುದನ್ನು ಕಲಿಯುತ್ತದೆ, ಮತ್ತು ಆ ಕಲಿಕೆ ಜೀವನವಿಡೀ ಉಳಿಯುತ್ತದೆ. ಅದೇ ವ್ಯಕ್ತಿಗೆ ನಲವತ್ತನೆಯ ವಯಸ್ಸಿನಲ್ಲಿ ಎದೆನೋವು ಬಂದಾಗ, ಅಷ್ಟು ಹೊತ್ತಿಗೆ ತಂದೆತಾಯಿಗಳು ಮುದುಕರಾಗಿಯೋ ಇಲ್ಲದೆಯೋ ಇರುವಾಗ, ಅವನು ವೈದ್ಯರ ಬಳಿಗೆ ತಾನಾಗಿ ಬರುವನೋ, ನೋವನ್ನು ಅಡಗಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುವನೋ ಎಂಬುದು ಬಹುಮಟ್ಟಿಗೆ ಇಂದು ನಾವು ಅವನ ತೋಳನ್ನು ಹೇಗೆ ಹಿಡಿಯುತ್ತೇವೆಂಬುದರ ಮೇಲೆ ನಿಂತಿದೆ. ರಕ್ತದ ವರದಿಯ ಆಯುಸ್ಸು ಕೆಲವು ತಿಂಗಳು. ಆ ವಿಶ್ವಾಸದ ಆಯುಸ್ಸು ಅವನ ಆಯುಸ್ಸಿನಷ್ಟೇ ದೀರ್ಘವಾದುದು. ಎರಡನ್ನೂ ಕಾಪಾಡುವುದು ವೈದ್ಯಧರ್ಮವೆಂದು ನಮ್ಮ ಆಸ್ಪತ್ರೆಗಳೂ, ದಾದಿಯರ ಹಾಗೂ ಲ್ಯಾಬ್ ತಂತ್ರಜ್ಞರ ಶಿಕ್ಷಣವನ್ನು ರೂಪಿಸುವವರೂ ಒಪ್ಪಿ, ಪಠ್ಯದಲ್ಲಿಯೂ ದಿನದ ವೇಳಾಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ಕೊಡಬೇಕು.